ಮುಂದುವರಿದ ಲಿವರ್ ಕ್ಯಾನ್ಸರ್: ಮುಂದಿನ ಕೀಮೋ ಕೊಡಿಸೋದಾ, ನಿಲ್ಲಿಸೋದಾ?

ರಾಜಾಜಿನಗರ_ಆರೈಕೆ:
ರಿಪೋರ್ಟ್ ಮಾತ್ರ ಹಾಕ್ತಿದ್ದೀನಿ, ತಿಳಿದವರು ಹೇಳಿ. ವಯಸ್ಸು 64, ತೂಕ 54 ಕೆ.ಜಿ. ಹೆಪಟೈಟಿಸ್ ಬಿ, ಅದರಿಂದ ಸಿರೋಸಿಸ್, ಅದರ ಮೇಲೆ ಎಚ್‌ಸಿಸಿ (ಲಿವರ್ ಕ್ಯಾನ್ಸರ್). ಲಿವರ್‌ಗೆ ರಕ್ತ ತರೋ ಪೋರ್ಟಲ್ ವೇನ್‌ನ ಬಲ ಕವಲಿಗೂ ಗಡ್ಡೆ ಹೊಕ್ಕಿದೆ. ಕ್ಯಾನ್ಸರ್ ಮಾತ್ರೆ ಲೆನ್ವಾಟಿನಿಬ್ 8 ಎಂ.ಜಿ. ನಡೀತಿದೆ. ಈ ವಾರದ ರಕ್ತ: ಬಿಲಿರುಬಿನ್ 3.4, ಹೋದ ತಿಂಗಳು 1.6 ಇತ್ತು. ಆಲ್ಬುಮಿನ್ 2.6, ಐಎನ್‌ಆರ್ (ರಕ್ತ ಹೆಪ್ಪುಗಟ್ಟೋ ಅಳತೆ) 1.5, ಎಸ್‌ಜಿಪಿಟಿ (ಲಿವರ್‌ಗೆ ಪೆಟ್ಟಾದ್ರೆ ಏರೋದು) 410, ಪ್ಲೇಟ್‌ಲೆಟ್ 72,000. ಎಎಫ್‌ಪಿ (ಲಿವರ್ ಕ್ಯಾನ್ಸರ್ ಗುರುತಿನ ರಕ್ತ ಪರೀಕ್ಷೆ) ಏರಿದೆ. ಸ್ಕ್ಯಾನಿಂಗ್‌ನಲ್ಲಿ ಹೊಟ್ಟೇಲಿ ಸ್ವಲ್ಪ ನೀರು. ಮಾತು, ಗುರುತು ಎಲ್ಲ ಸರಿಯಿದೆ. ಒಬ್ಬ ಡಾಕ್ಟರ್ "ಇದು ನಿಲ್ಲಿಸಿ ಬೇರೆ ಕೀಮೋ ಹಾಕೋಣ" ಅಂದ್ರು. ಇನ್ನೊಬ್ಬರು "ಸಾಕು, ಮನೇಲೇ ನೋಡ್ಕೊಳ್ಳಿ" ಅಂದ್ರು. ಇಬ್ಬರೂ ಯಾವ ಲೆಕ್ಕ ಹಿಡಿದು ಹೇಳ್ತಿದ್ದಾರೆ?

ಗ್ಯಾಸ್ಟ್ರೋ_ರೆಸಿಡೆಂಟ್:
ಲಿವರ್‌ನಲ್ಲಿರೋ ಕ್ಯಾನ್ಸರ್ ಎಲ್ಲ ಒಂದೇ ಅಲ್ಲ, ಮೊದಲು ಅದನ್ನ ಬೇರೆ ಮಾಡ್ಕೊಳ್ಳಿ. ಎಚ್‌ಸಿಸಿ ಲಿವರ್ ಜೀವಕೋಶದಲ್ಲೇ ಹುಟ್ಟಿದ್ದು. ಹಳೇ ಕಾಲದ ಸಲೈನ್ ಕೀಮೋಗೆ ಅದು ಅಷ್ಟಾಗಿ ಬಗ್ಗಲ್ಲ. ಅದಕ್ಕೇ ಸೊರಾಫೆನಿಬ್, ಲೆನ್ವಾಟಿನಿಬ್ ಮಾತ್ರೆಗಳು, ಈಚೆಗೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ಬಿಡೋ ಇಮ್ಯುನೋಥೆರಪಿ. ಪಿತ್ತನಾಳದ ಕ್ಯಾನ್ಸರ್ ಆದ್ರೆ ಜೆಮ್‌ಸಿಟಾಬಿನ್ ಜೊತೆ ಸಿಸ್‌ಪ್ಲಾಟಿನ್, ಅದು ನಿಜವಾದ ಕೀಮೋ. ಕರುಳಿನಿಂದ ಲಿವರ್‌ಗೆ ಹರಡಿದ್ದಾದ್ರೆ ಲೆಕ್ಕವೇ ಬೇರೆ: ಅಲ್ಲಿ ಉಳಿದ ಲಿವರ್ ಸಾಮಾನ್ಯವಾಗಿ ಗಟ್ಟಿಯಾಗಿರುತ್ತೆ, ಫಾಲ್‌ಫಾಕ್ಸ್, ಫಾಲ್ಫಿರಿ ಅನ್ನೋ ಕೀಮೋ ಎರಡೂ ಕೆಲಸ ಮಾಡ್ತವೆ. ಪಕ್ಕದ ಮನೆಯವರಿಗೆ ಕೀಮೋದಿಂದ ಗಡ್ಡೆ ಕರಗಿತು ಅನ್ನೋ ಮಾತು ಕೇಳಿದಾಗ ಅವರದ್ದು ಇವುಗಳಲ್ಲಿ ಯಾವುದು ಅಂತ ಕೇಳಿ.

ನಿಮ್ಮ ಕೇಸಲ್ಲಿ ರೋಗ ಎರಡು: ಕ್ಯಾನ್ಸರ್ ಒಂದು, ಸಿರೋಸಿಸ್ ಇನ್ನೊಂದು. ಔಷಧಿ ಕೊಡಬಹುದಾ ಅನ್ನೋದನ್ನ ಹೆಚ್ಚಾಗಿ ತೀರ್ಮಾನ ಮಾಡೋದು ಎರಡನೆಯದು. ಅದನ್ನ ಅಳೆಯೋಕೆ ಚೈಲ್ಡ್-ಪ್ಯೂ ಅಂಕ. ಬಿಲಿರುಬಿನ್ 2ಕ್ಕಿಂತ ಕಡಿಮೆ ಇದ್ರೆ 1 ಅಂಕ, 2ರಿಂದ 3ಕ್ಕೆ 2, ಅದಕ್ಕಿಂತ ಮೇಲೆ 3. ಆಲ್ಬುಮಿನ್ 3.5ರ ಮೇಲೆ 1, 2.8ರಿಂದ 3.5ಕ್ಕೆ 2, ಕೆಳಗೆ 3. ಐಎನ್‌ಆರ್ 1.7ರೊಳಗೆ 1, 2.3ರವರೆಗೆ 2, ಮೇಲೆ 3. ಹೊಟ್ಟೆಯ ನೀರು ಇಲ್ಲದಿದ್ರೆ 1, ಸ್ವಲ್ಪಕ್ಕೆ 2, ಹೆಚ್ಚಿದ್ರೆ 3. ಮಂಕು, ಗೊಂದಲಕ್ಕೂ ಹೀಗೇ. ಒಟ್ಟು 5-6 ಬಂದ್ರೆ ಎ, 7ರಿಂದ 9 ಬಿ, 10 ಮತ್ತು ಮೇಲೆ ಸಿ.

ನಿಮ್ಮದು: 3 + 3 + 1 + 2 + 1 = 10. ಸಿ, ಆದರೆ ಅಂಚಿನಲ್ಲಿ. "ಸಾಕು" ಅಂದವರು ಈ 10 ನೋಡಿ ಹೇಳಿರಬೇಕು. ಸಿ ಇದ್ದು ಲಿವರ್ ಕಸಿಗೂ ಅವಕಾಶ ಇಲ್ಲದಿದ್ರೆ, ಎಚ್‌ಸಿಸಿ ಹಂತ ಹೇಳೋ ಬಾರ್ಸಿಲೋನಾ ವರ್ಗೀಕರಣದಲ್ಲಿ ಅದು ಕೊನೆಯದಾದ ಡಿ ಹಂತ. ಅಲ್ಲಿ ಕ್ಯಾನ್ಸರ್ ಔಷಧಿ ಇಲ್ಲ, ಆರೈಕೆ ಮಾತ್ರ. "ಬೇರೆ ಹಾಕೋಣ" ಅಂದವರು ಎಎಫ್‌ಪಿ ನೋಡಿರಬೇಕು.

ಆದರೆ ಒಂದೇ ತಿಂಗಳಲ್ಲಿ 1.6 ಇದ್ದದ್ದು 3.4 ಆಯ್ತು, ಎಸ್‌ಜಿಪಿಟಿ 410. ಯಾಕೆ ಅಂತ ಇಬ್ಬರಲ್ಲಿ ಯಾರಾದರೂ ಕೇಳಿದ್ರಾ?

ಆಂಕೋ_ಫಾರ್ಮಸಿ:
ಡಾಕ್ಟ್ರು ಕೇಳಿದ್ದು ಸರಿಯಾದ ಪ್ರಶ್ನೆ. ಔಷಧಿ ಕಡೆಯಿಂದ ನೋಡಬೇಕಾದವು:

ಲೆನ್ವಾಟಿನಿಬ್ 60 ಕೆ.ಜಿ. ಒಳಗಿನವರಿಗೆ 8 ಎಂ.ಜಿ., ಅಂದ್ರೆ 4ರ ಎರಡು ಕ್ಯಾಪ್ಸೂಲ್. 60 ಮತ್ತು ಮೇಲಿನವರಿಗೆ 12. ದೇಹ ತಡೆದುಕೊಳ್ಳದಿದ್ರೆ 8ರಿಂದ ದಿನಕ್ಕೆ 4, ಆಮೇಲೆ ದಿನ ಬಿಟ್ಟು ದಿನ 4. ಇಳಿಸೋ ಮೆಟ್ಟಿಲು ಇದ್ದೇ ಇದೆ. ಬರೀ ಭೇದಿ, ಬಿಪಿ, ಊಟ ಸೇರದಿರೋದು ಇಷ್ಟೇ ತೊಂದರೆ ಆದ್ರೆ ಪೂರ್ತಿ ನಿಲ್ಲಿಸೋ ಮೊದಲು ಈ ಮೆಟ್ಟಿಲು ಇಳಿದು ನೋಡ್ತಾರೆ. ಸೊರಾಫೆನಿಬ್‌ಗೂ ಹಾಗೇ: 400 ಎರಡು ಹೊತ್ತು, ಆಮೇಲೆ 400 ಒಂದು ಹೊತ್ತು, ಆಮೇಲೆ ದಿನ ಬಿಟ್ಟು ದಿನ. ಅಂಗೈ ಅಂಗಾಲು ಒಡೆದ್ರೆ ಯೂರಿಯಾ ಕ್ರೀಮ್, ಮೆತ್ತನೆ ಚಪ್ಪಲಿ. ಬೊಕ್ಕೆ ಎದ್ದ ಮೇಲೆ ಹಚ್ಚೋದಕ್ಕಿಂತ ಮಾತ್ರೆ ಶುರುವಾದ ದಿನದಿಂದಲೇ ಹಚ್ಚಿದ್ರೆ ಪ್ರಯೋಜನ ಜಾಸ್ತಿ.

ವಿಪರೀತ ಸುಸ್ತು ಅಂತ ಲೆನ್ವಾಟಿನಿಬ್ ನಿಲ್ಲಿಸೋ ಮೊದಲು ಟಿಎಸ್‌ಎಚ್ ಮಾಡಿಸಿ. ಈ ಮಾತ್ರೆ ಥೈರಾಯ್ಡ್ ಇಳಿಸುತ್ತೆ. ರೋಗ ಜಾಸ್ತಿಯಾಯ್ತು ಅಂದ್ಕೊಂಡದ್ದು ಎಷ್ಟೋ ಸಲ ಥೈರಾಯ್ಡ್ ಸುಸ್ತು.

ಮನೆಯಲ್ಲಿರೋ ಔಷಧಿ ಎಲ್ಲಾನೂ ಒಂದು ಕವರ್‌ನಲ್ಲಿ ಹಾಕ್ಕೊಂಡು ಹೋಗಿ, ಚೀಟಿ ಮಾತ್ರ ಅಲ್ಲ. ಕಾಮಾಲೆಗೆ ಅಂತ ಕೊಡೋ ಪುಡಿ, ಅಮೃತಬಳ್ಳಿ ಕಷಾಯ, ಮೊಣಕಾಲು ನೋವಿನ ಮಾತ್ರೆ, ಎಲ್ಲ. ಅಮೃತಬಳ್ಳಿಯಿಂದ ಲಿವರ್ ಉರಿಯೂತ ಬಂದ ಕೇಸುಗಳು ಕೋವಿಡ್ ಕಾಲದಲ್ಲಿ ಮುಂಬೈಯಿಂದ ವರದಿಯಾಗಿವೆ.

ಡಾಕ್ಸೊರುಬಿಸಿನ್ ಅನ್ನೋ ಹಳೇ ಸಲೈನ್ ಕೀಮೋಗೆ ಯಾರಾದರೂ ಹೇಳಿದ್ದರೆ: ಬಿಲಿರುಬಿನ್ 1.2ರಿಂದ 3 ಇದ್ರೆ ಅರ್ಧ ಡೋಸ್, 3.1ರಿಂದ 5ಕ್ಕೆ ಕಾಲು. ಅದರ ಮೇಲೆ ಕೊಡೋ ಹಾಗೇ ಇಲ್ಲ. ಕಾಲು ಡೋಸ್‌ನಲ್ಲಿ ಗಡ್ಡೆಗೆ ಏನು ಆಗುತ್ತೆ ಅನ್ನೋದನ್ನ ನೀವೇ ಯೋಚಿಸಿ.

ಗ್ಯಾಸ್ಟ್ರೋ_ರೆಸಿಡೆಂಟ್:
ಬಿಲಿರುಬಿನ್ ಏರೋದಕ್ಕೆ ಸರಿಪಡಿಸಬಹುದಾದ ಕಾರಣಗಳನ್ನ ನೋಡೋ ಕ್ರಮ ಇದು. ಅಲ್ಟ್ರಾಸೌಂಡ್ ಮಾಡಿ ಪಿತ್ತನಾಳ ಹಿಗ್ಗಿದೆಯಾ ನೋಡಬೇಕು. ಹಿಗ್ಗಿದ್ರೆ ಎಲ್ಲೋ ಕಟ್ಟಿಕೊಂಡಿದೆ. ಇಆರ್‌ಸಿಪಿಯಲ್ಲಿ (ಬಾಯಿಂದ ಎಂಡೋಸ್ಕೋಪ್ ಬಿಟ್ಟು) ಪಿತ್ತನಾಳಕ್ಕೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕಿದ್ರೆ ಎರಡು ಮೂರು ವಾರದಲ್ಲಿ ಇಳಿಯಬಹುದು. ಪಿತ್ತನಾಳದ ಕ್ಯಾನ್ಸರ್‌ನವರಿಗೆ ಇದು ಇನ್ನೂ ಮುಖ್ಯ, ಸ್ಟೆಂಟ್ ಮುಚ್ಚಿಕೊಂಡದ್ದನ್ನ ರೋಗ ಬೆಳೆದದ್ದು ಅಂತ ಬರೆದು ಕೀಮೋ ನಿಲ್ಲಿಸೋದುಂಟು.

ಹೊಟ್ಟೇಲಿ ನೀರಿದ್ರೆ ಸೂಜಿಯಲ್ಲಿ ಸ್ವಲ್ಪ ತೆಗೆದು ಸೆಲ್ ಕೌಂಟ್ ಮಾಡಿಸಬೇಕು. ನ್ಯೂಟ್ರೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) 250 ದಾಟಿದ್ರೆ ಸೋಂಕು. ಜ್ವರ ಬರಲೇಬೇಕು ಅಂತಿಲ್ಲ, ಬರೀ ಮಂಕಾಗಿ, ಕ್ರಿಯಾಟಿನಿನ್ ಏರಿ ಶುರುವಾಗುತ್ತೆ. ಒಳಗೆ ರಕ್ತ ಹೋಗ್ತಿದೆಯಾ ತಿಳಿಯೋಕೆ ಮಲ ಕಪ್ಪಗಾಗಿದೆಯಾ ಕೇಳಬೇಕು. ಡಾಪ್ಲರ್‌ನಲ್ಲಿ ಪೋರ್ಟಲ್ ವೇನ್‌ನ ಮುಖ್ಯ ಕಾಂಡಕ್ಕೆ ಗಡ್ಡೆ ಬಂದಿದೆಯಾ ನೋಡಬೇಕು. ಬಂದಿದ್ರೆ ಅದು ಮತ್ತೆ ಇಳಿಯೋ ಏರಿಕೆ ಅಲ್ಲ.

ಇಲ್ಲಿ ನನಗೆ ಮೊದಲು ಅನುಮಾನ ಬರೋದು ಹೆಪಟೈಟಿಸ್ ಬಿ ಮೇಲೆ. ಗಡ್ಡೆ ಬೆಳೆದದ್ದೊಂದರಿಂದಲೇ ಎಸ್‌ಜಿಪಿಟಿ ಏಕಾಏಕಿ ನಾನೂರು ದಾಟೋದು ಅಪರೂಪ. ವೈರಸ್ ಕೆರಳಿದ್ರೆ ಎಎಫ್‌ಪಿ ಕೂಡ ಏರುತ್ತೆ, ಆದ್ದರಿಂದ ಆ ಏರಿಕೆ ನೋಡಿ ಔಷಧಿ ಸೋತಿತು ಅನ್ನೋಕಾಗಲ್ಲ. ಆ ವೈರಸ್ ಅದುಮೋ ಟೆನೊಫೊವಿರ್ ಅಥವಾ ಎಂಟೆಕವಿರ್ ಮಾತ್ರೆ ನಡೀತಿದೆಯಾ? ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡೋ ಎಚ್‌ಬಿವಿ ಡಿಎನ್‌ಎ ಪರೀಕ್ಷೆ ಕೊನೆಗೆ ಯಾವಾಗ ಮಾಡಿಸಿದ್ರಿ?

ಹೋಂಕೇರ್_ಸಿಸ್ಟರ್:
ರಕ್ತದ ಲೆಕ್ಕ ಡಾಕ್ಟ್ರು ನೋಡ್ಕೊಳ್ತಾರೆ. ಮನೆಯವರು ನೋಡಬೇಕಾದದ್ದು ಇನ್ನೊಂದಿದೆ, ಓಪಿಡಿಯ ಐದು ನಿಮಿಷದಲ್ಲಿ ಅದು ಕಾಣಲ್ಲ. ಎದ್ದಿರೋ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸಿಗೆ ಅಥವಾ ಕುರ್ಚಿಯಲ್ಲೇ ಕಳೀತಾರಾ? ಸ್ನಾನ, ಕಕ್ಕಸಿಗೆ ಒಬ್ಬರೇ ಹೋಗ್ತಾರಾ? ಇದೇ ಇಕಾಗ್ ಅಂಕ. 0, 1 ಅಂದ್ರೆ ಓಡಾಡಿಕೊಂಡಿದ್ದಾರೆ. 2 ಅಂದ್ರೆ ತಮ್ಮ ಕೆಲಸ ತಾವೇ ಮಾಡ್ಕೊಳ್ತಾರೆ, ಹೊರಗಿನ ಕೆಲಸ ಆಗಲ್ಲ. 3 ಅಂದ್ರೆ ಅರ್ಧ ದಿನಕ್ಕಿಂತ ಹೆಚ್ಚು ಮಲಗಿರ್ತಾರೆ. 4 ಪೂರ್ತಿ ಹಾಸಿಗೆ. ಎಚ್‌ಸಿಸಿಯಲ್ಲಿ 3, 4 ಇದ್ರೂ ಡಿ ಹಂತವೇ, ರಕ್ತ ಎಷ್ಟೇ ಚೆನ್ನಾಗಿರಲಿ.

ತೊಂದರೆ ಏನಂದ್ರೆ, ಡಾಕ್ಟ್ರ ಮುಂದೆ ರೋಗಿಗಳು ಎದ್ದು ನೆಟ್ಟಗೆ ಕೂತ್ಕೊಳ್ತಾರೆ. ಬೆಳಗ್ಗೆ ಕ್ಯಾಬ್‌ಗೆ ಇಬ್ಬರು ಹಿಡ್ಕೊಂಡು ಹತ್ತಿಸಿದ್ದು, ಹೊಸೂರು ರಸ್ತೆ ಟ್ರಾಫಿಕ್‌ನಲ್ಲಿ ಎರಡು ಸಲ ವಾಂತಿ ಆದದ್ದು ಫೈಲಲ್ಲಿ ಬರಲ್ಲ. ಒಂದು ಪಟ್ಟಿ ಪುಸ್ತಕ ಇಟ್ಟು ದಿನಾ ನಾಲ್ಕೇ ಸಾಲು ಬರೀರಿ: ಬೆಳಗ್ಗೆ ತೂಕ, ಎಷ್ಟು ಗಂಟೆ ಮಲಗಿದ್ರು, ಎಷ್ಟು ಸಲ ಮಲ ಆಯ್ತು, ಊಟ ಅರ್ಧವೋ ಕಾಲೋ. ಡೋಸ್ ಆದ ಮೇಲೆ ಒಂದು ವಾರ ಬಿದ್ದು ಮತ್ತೆ ಎದ್ದರೆ ಅದು ಔಷಧಿಯ ಸುಸ್ತು. ಮುಂದಿನ ಡೋಸ್ ಹೊತ್ತಿಗೂ ಏಳಲಿಲ್ಲ, ಪ್ರತಿ ಸೈಕಲ್‌ಗೂ ಒಂದು ಮೆಟ್ಟಿಲು ಕೆಳಗೇ ಇಳೀತಿದ್ದಾರೆ ಅಂದ್ರೆ ಆ ಪುಸ್ತಕ ತೆಗೆದು ಡಾಕ್ಟ್ರ ಮೇಜಿನ ಮೇಲಿಡಿ. ತೂಕ ಏರಿತು ಅಂತ ಖುಷಿ ಪಡಬೇಡಿ, ಕೈ ತೋಳು ಸಣ್ಣ ಆಗಿ ಹೊಟ್ಟೆ ಏರಿದ್ರೆ ಅದು ನೀರು.

ಬಸವನಗುಡಿ_ಓದುಗ:
ಇಮ್ಯುನೋಥೆರಪಿ ಹಾಕಿಸಿದ್ರೆ ಲಿವರ್‌ಗೆ ಹೊಡೆತ ಇಲ್ಲ ಅಂತಾರಲ್ಲ. ಅದನ್ನೇ ಯಾಕೆ ಕೊಡಬಾರದು?

ಮೆಡಿಕಲ್_ಆಂಕಾಲಜಿ:
ಹೊಡೆತ ಇಲ್ಲ ಎಂಬುದು ಸರಿಯಲ್ಲ, ಇಮ್ಯುನೋಥೆರಪಿಯಿಂದಲೇ ಹೆಪಟೈಟಿಸ್ ಬರಬಹುದು. ಅಟೆಜೊಲಿಜುಮಾಬ್ ಎಂಬ ಇಮ್ಯುನೋಥೆರಪಿ ಜೊತೆ ಬೆವಾಸಿಜುಮಾಬ್ ಕೊಟ್ಟ ಐಎಂಬ್ರೇವ್150 ಅಧ್ಯಯನದಲ್ಲಿ ಮಧ್ಯಾಂಕ ಆಯಸ್ಸು 19.2 ತಿಂಗಳು, ಸೊರಾಫೆನಿಬ್‌ನವರಲ್ಲಿ 13.4. ಒಳ್ಳೆಯ ಫಲಿತಾಂಶವೇ. ಆದರೆ ಅದಕ್ಕೆ ಸೇರಿಸಿಕೊಂಡದ್ದು ಚೈಲ್ಡ್-ಪ್ಯೂ ಎ, ಇಕಾಗ್ 0-1 ಇದ್ದವರನ್ನು. ಬೆವಾಸಿಜುಮಾಬ್ ರಕ್ತಸ್ರಾವ ಹೆಚ್ಚಿಸುವುದರಿಂದ ಮೊದಲು ಎಂಡೋಸ್ಕೋಪಿ ಮಾಡಿ ಅನ್ನನಾಳದ ಉಬ್ಬಿದ ರಕ್ತನಾಳಗಳನ್ನು ನೋಡಿ, ಬೇಕಿದ್ದರೆ ಬ್ಯಾಂಡ್ ಹಾಕಬೇಕು. ಡುರ್ವಾಲುಮಾಬ್ ಜೊತೆ ಒಂದೇ ಒಂದು ಡೋಸ್ ಟ್ರೆಮೆಲಿಮುಮಾಬ್ ಕೊಡುವ ಕ್ರಮದಲ್ಲಿ ಈ ರಕ್ತಸ್ರಾವದ ಭಯ ಕಡಿಮೆ, ಆದರೆ ಅದೂ ಎ ಗುಂಪಿನವರಲ್ಲೇ ಪರೀಕ್ಷಿಸಿದ್ದು.

ಜಾಹೀರಾತಿನ ಅಂಕಿ ನೋಡುವಾಗ ನಿಮ್ಮ ರೋಗಿ ಆ ಗುಂಪಿನಲ್ಲಿ ಇದ್ದಾರೆಯೇ ಎಂದು ನೋಡಿ. ಸೊರಾಫೆನಿಬ್ ತೆಗೆದುಕೊಂಡ ಮೂರು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ ಗಿಡಿಯನ್ ಅಧ್ಯಯನದಲ್ಲಿ ಎ ಗುಂಪಿನ ಮಧ್ಯಾಂಕ ಆಯಸ್ಸು 13.6 ತಿಂಗಳು, ಬಿ 5.2, ಸಿ 2.6. ಮಾತ್ರೆ ಒಂದೇ, ಲಿವರ್ ಬೇರೆ. ಮಧ್ಯಾಂಕ ಎಂದರೆ ಅರ್ಧ ಜನ ಅದಕ್ಕಿಂತ ಕಡಿಮೆ, ಅರ್ಧ ಜನ ಹೆಚ್ಚು ಬದುಕಿದರು ಎಂದಷ್ಟೇ. ಒಬ್ಬ ರೋಗಿಗೆ "ಇಷ್ಟೇ ತಿಂಗಳು" ಎಂದು ಅದರಿಂದ ಹೇಳಲಾಗದು.

ಬಿ ಗುಂಪಿನಲ್ಲಿ 7 ಅಂಕ ಇದ್ದು ಓಡಾಡಿಕೊಂಡಿರುವವರಿಗೆ ಎಚ್ಚರಿಕೆಯಿಂದ ಕೊಟ್ಟು ನೋಡುತ್ತೇವೆ. 8, 9ಕ್ಕೆ ನನ್ನ ಕೈ ಹಿಂಜರಿಯುತ್ತದೆ. ಸಿ ಇದ್ದಾಗ ಕೊಡುವುದು ರೋಗಿಗಲ್ಲ, ಮನೆಯವರ ಸಮಾಧಾನಕ್ಕೆ.

ಹೋಂಕೇರ್_ಸಿಸ್ಟರ್:
ಮನೆಯವರ ಸಮಾಧಾನಕ್ಕೆ ಅಂತ ಎಲ್ಲ ಅವರ ಮೇಲೆ ಹಾಕಬೇಡಿ ಸಾರ್. "ನಿಲ್ಲಿಸೋಣ" ಅಂತ ಹೇಳೋಕೆ ಅರ್ಧ ಗಂಟೆ ಕೂತು ಮಾತಾಡಬೇಕು. "ಇನ್ನೊಂದು ಸೈಕಲ್ ನೋಡೋಣ" ಅನ್ನೋಕೆ ಒಂದು ನಿಮಿಷ ಸಾಕು. ಎಷ್ಟೋ ಸೈಕಲ್ ಹಾಗೇ ನಡೆದುಹೋಗ್ತವೆ.

ಮೆಡಿಕಲ್_ಆಂಕಾಲಜಿ:
ಒಪ್ಪಿದೆ ಸಿಸ್ಟರ್. ಅದಕ್ಕೇ ಶುರು ಮಾಡುವಾಗಲೇ ನಿಲ್ಲಿಸುವ ಗುರುತನ್ನೂ ಫೈಲಿನಲ್ಲಿ ಬರೆದಿಡುವುದು ಒಳ್ಳೆಯದು. ಉದಾಹರಣೆಗೆ: "8 ವಾರದ ನಂತರ ಮೂರು ಹಂತದ ಸಿಟಿ. ಬಿಲಿರುಬಿನ್ 3 ದಾಟಿ ಸರಿಪಡಿಸುವ ಕಾರಣ ಸಿಗದಿದ್ದರೆ, ಇಕಾಗ್ 3 ಆದರೆ, ಮಂಕು ಬಂದರೆ ನಿಲ್ಲಿಸುವುದು." ರೋಗಿಯ ಮುಂದೆಯೇ ಬರೆಯಬೇಕು. ಆಗ ನಿಲ್ಲಿಸುವ ದಿನ ಯಾರೂ ಕೈಬಿಟ್ಟ ಹಾಗೆ ಅನ್ನಿಸುವುದಿಲ್ಲ.

ಸ್ಕ್ಯಾನ್ ಬಗ್ಗೆಯೂ ಎರಡು ಮಾತು. ಅಳೆಯುವ ಗಡ್ಡೆಗಳ ವ್ಯಾಸದ ಮೊತ್ತ ಅತಿ ಕಡಿಮೆ ಇದ್ದ ಹಂತಕ್ಕಿಂತ ಶೇ 20 ಏರಿದರೆ, ಅಥವಾ ಹೊಸ ಗಡ್ಡೆ ಬಂದರೆ ರೋಗ ಬೆಳೆದಿದೆ ಎನ್ನುತ್ತೇವೆ. ಗಡ್ಡೆ ಇದ್ದಷ್ಟೇ ಇದ್ದರೆ ಅದು ಸೋಲಲ್ಲ. ಈ ಮಾತ್ರೆಗಳು ಹೆಚ್ಚಾಗಿ ಕರಗಿಸುವುದಿಲ್ಲ, ತಡೆದು ನಿಲ್ಲಿಸುತ್ತವೆ. ಬೆಳೆದಿದ್ದರೆ ಎರಡನೇ ಸಾಲಿನ ಮಾತ್ರೆಗಳಿವೆ. ರೆಗೊರಾಫೆನಿಬ್ ಅಧ್ಯಯನದಲ್ಲಿ 7.8 ತಿಂಗಳು ಇದ್ದದ್ದು 10.6 ಆಯಿತು, ಕ್ಯಾಬೊಜಾಂಟಿನಿಬ್‌ನಲ್ಲಿ 8.0 ಇದ್ದದ್ದು 10.2. ಅಲ್ಲೂ ಲಿವರ್ ಎ ಗುಂಪಿನಲ್ಲಿದ್ದವರೇ.

ರಾಜಾಜಿನಗರ_ಆರೈಕೆ:
ಫಾರ್ಮಸಿಯವರು ಹೇಳಿದ ಹಾಗೆ ಎಲ್ಲ ಔಷಧಿ ಹರಡಿ ನೋಡಿದ್ವಿ. ಹಳೇ ಚೀಟಿಯಲ್ಲಿ ಎಂಟೆಕವಿರ್ 0.5 ಇದೆ. ಎರಡು ತಿಂಗಳ ಹಿಂದಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ಅದರ ಹೆಸರಿಲ್ಲ, ಆಮೇಲಿಂದ ತಗೊಂಡಿಲ್ಲ. ಅಲ್ಟ್ರಾಸೌಂಡ್‌ನಲ್ಲಿ ಪಿತ್ತನಾಳ ಹಿಗ್ಗಿಲ್ಲ, ಮುಖ್ಯ ಪೋರ್ಟಲ್ ವೇನ್ ತೆರೆದಿದೆ. ಹೊಟ್ಟೆ ನೀರಿನ ಕೌಂಟ್ 90. ನಡೆದಾಡ್ತಾರೆ, ಸ್ನಾನ ತಾವೇ ಮಾಡ್ತಾರೆ, ಮಧ್ಯಾಹ್ನ ಎರಡು ಗಂಟೆ ಮಲಗ್ತಾರೆ.

ಗ್ಯಾಸ್ಟ್ರೋ_ರೆಸಿಡೆಂಟ್:
ಹಾಗಿದ್ರೆ ಇವತ್ತೇ ಲಿವರ್ ಡಾಕ್ಟ್ರಿಗೆ ಫೋನ್ ಮಾಡಿ, ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಎಚ್‌ಬಿವಿ ಡಿಎನ್‌ಎಗೆ ರಕ್ತ ಕೊಟ್ಟು, ರಿಪೋರ್ಟ್ ಬರೋ ತನಕ ಕಾಯದೆ ಮಾತ್ರೆ ಶುರು ಮಾಡ್ತಾರೆ. ಲಿವರ್ ಸೋತಿರುವಾಗ ಎಂಟೆಕವಿರ್ ಡೋಸ್ 1 ಎಂ.ಜಿ., 0.5 ಅಲ್ಲ, ಖಾಲಿ ಹೊಟ್ಟೆಯಲ್ಲಿ. ಟೆನೊಫೊವಿರ್ ಕೊಟ್ಟರೆ ಕಿಡ್ನಿ ನೋಡಿ ಯಾವ ಬಗೆಯದ್ದು ಅಂತ ತೀರ್ಮಾನ ಮಾಡ್ತಾರೆ. ಲೆನ್ವಾಟಿನಿಬ್ ಸದ್ಯಕ್ಕೆ ತಡೆಹಿಡಿಯೋಕೆ ಹೇಳಬಹುದು, ಅದನ್ನ ಕೇಳಿ. ಎರಡು ವಾರಕ್ಕೊಮ್ಮೆ ಎಲ್‌ಎಫ್‌ಟಿ (ಲಿವರ್ ರಕ್ತ ಪರೀಕ್ಷೆ), ಐಎನ್‌ಆರ್. ಬಿಲಿರುಬಿನ್ 2ರ ಕೆಳಗೆ ಬಂದ್ರೆ ಅಂಕ 8, ಆಲ್ಬುಮಿನ್ 2.8 ದಾಟಿದ್ರೆ 7. ಆಗ ಮಾತ್ರೆ ಮತ್ತೆ ಶುರು ಮಾಡೋ ಮಾತಿಗೆ ಅರ್ಥ ಇದೆ. ಹೀಗಾಗದೆ ಏರ್ತಾನೇ ಹೋದ್ರೆ ಎರಡನೇ ಡಾಕ್ಟ್ರು ಹೇಳಿದ್ದೇ ಸರಿ. ಈ ಹೊತ್ತಿಗೆ "ಬೇರೆ ಕೀಮೋ" ಮಾತ್ರ ಬೇಡ, ವೈರಸ್ ಕೆರಳಿರುವಾಗ ಹಾಕಿದ್ರೆ ಉಳಿದ ಲಿವರ್ರೂ ಹೋಗುತ್ತೆ.

ಸಮಾಜಸೇವಾ_ವಿಭಾಗ:
ದುಡ್ಡಿನ ವಿಚಾರ ಯಾರೂ ಎತ್ತಲಿಲ್ಲ. ಸೊರಾಫೆನಿಬ್ ಮೊದಲು ತಿಂಗಳಿಗೆ 2.8 ಲಕ್ಷ ರೂಪಾಯಿ ಇತ್ತು. 2012ರಲ್ಲಿ ಕಡ್ಡಾಯ ಪರವಾನಗಿ (ಪೇಟೆಂಟ್ ಇದ್ದರೂ ಬೇರೆ ಕಂಪನಿ ತಯಾರಿಸಲು ಸರ್ಕಾರದ ಅನುಮತಿ) ಕೊಟ್ಟ ಮೇಲೆ 120 ಮಾತ್ರೆಗೆ 8,880ಕ್ಕೆ ಇಳಿಯಿತು. ಇಮ್ಯುನೋಥೆರಪಿ ಹಾಗಲ್ಲ, ಮೂರು ವಾರಕ್ಕೊಮ್ಮೆ ದೊಡ್ಡ ಬಿಲ್. ಸೈಟ್ ಮಾರುವ ಮೊದಲು "ಈ ರೋಗಿಯ ಲಿವರ್ ಅಂಕಕ್ಕೆ ಇದರಿಂದ ಎಷ್ಟು ಪ್ರಯೋಜನ ಅಂತ ಅಧ್ಯಯನ ಇದೆಯಾ" ಎಂದು ನೇರವಾಗಿ ಕೇಳಿ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಯಾವ ಔಷಧಿ ಪ್ಯಾಕೇಜಿನಲ್ಲಿದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಕೇಳಿಯೇ ದಾಖಲಾಗಿ.

ಇನ್ನು "ಅವರಿಗೆ ಮಾತ್ರ ಹೇಳಬೇಡಿ ಡಾಕ್ಟ್ರೇ" ಎಂಬ ಮಾತು. ಮಕ್ಕಳು ಕಾರಿಡಾರ್‌ನಲ್ಲಿ ನಿಂತು ತೀರ್ಮಾನ ಮಾಡುತ್ತಾರೆ, ಯಜಮಾನರು ಒಳಗೆ ಕೂತು ಎಲ್ಲ ಊಹಿಸಿರುತ್ತಾರೆ. ಎಲ್ಲ ಒಂದೇ ಉಸಿರಿಗೆ ಹೇಳಬೇಕೆಂದಿಲ್ಲ. "ಅಪ್ಪಾ, ರಿಪೋರ್ಟ್ ಬಗ್ಗೆ ನಿಮಗೆ ಎಷ್ಟು ಗೊತ್ತಾಗಬೇಕು?" "ಔಷಧಿಯಿಂದ ಸುಸ್ತಾಗುತ್ತೆ, ಆದರೂ ನೋಡೋಣವಾ, ಬೇಡವಾ?" ಇಷ್ಟು ಕೇಳಿ ಸುಮ್ಮನೆ ಕಾಯಿರಿ. ಮಂಕು ಹತ್ತಿದ ಮೇಲೆ ಕೇಳಲು ಆಗುವುದಿಲ್ಲ, ಲಿವರ್ ರೋಗದಲ್ಲಿ ಅದು ಇದ್ದಕ್ಕಿದ್ದ ಹಾಗೆ ಬರುತ್ತದೆ. ವೆಂಟಿಲೇಟರ್ ಬೇಕೋ ಬೇಡವೋ ಎಂಬುದನ್ನು ಅವರೇ ಮುಂಚಿತ ನಿರ್ದೇಶನವಾಗಿ ಬರೆದಿಡಬಹುದು. ಸುಪ್ರೀಂ ಕೋರ್ಟ್ 2023ರಲ್ಲಿ ಕ್ರಮ ಸುಲಭ ಮಾಡಿದೆ: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ. ಕರ್ನಾಟಕ ಆರೋಗ್ಯ ಇಲಾಖೆಯೂ 2025ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿದೆ.

ವಿಜಯನಗರ_ನಿವಾಸಿ:
ನಮ್ಮ ಕಡೆ ತೀರ್ಮಾನ ಆಗಿದೆ, ಔಷಧಿ ನಿಲ್ಲಿಸಿದ್ದಾರೆ. ಮನೆಯಲ್ಲಿ ಏನೇನು ಇಟ್ಕೋಬೇಕು?

ಹೋಂಕೇರ್_ಸಿಸ್ಟರ್:
ಮೊದಲು ಉಪಶಾಮಕ ಆರೈಕೆಯಲ್ಲಿ ಹೆಸರು ಬರೆಸಿ. ಕಿದ್ವಾಯಿಯಲ್ಲಿ ಆ ವಿಭಾಗ ಇದೆ. ಮಾರತ್ತಹಳ್ಳಿ ಕಡೆಯ ಕರುಣಾಶ್ರಯದಲ್ಲಿ ದುಡ್ಡು ತಗೊಳ್ಳಲ್ಲ, ಮನೆಗೆ ಬಂದು ನೋಡೋ ತಂಡವೂ ಇದೆ. ಎಲ್ಲ ಫೈಲ್, ಬಯಾಪ್ಸಿ ಅಥವಾ ಸಿಟಿ ರಿಪೋರ್ಟ್ ಜೊತೆಗಿರಲಿ.

ನೋವಿಗೆ ಪ್ಯಾರಾಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗೆ, ಅಂದ್ರೆ 500ರ ನಾಲ್ಕು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡವೇ ಬೇಡ. ಕಿಡ್ನಿ ಕೆಡುತ್ತೆ, ರಕ್ತ ಹೋಗುತ್ತೆ. ಸಾಲದಿದ್ರೆ ಮಾರ್ಫಿನ್, ಆದರೆ ಈ ಲಿವರ್‌ಗೆ 2.5 ಅಥವಾ 5 ಎಂ.ಜಿ.ಯಿಂದ ಶುರು ಮಾಡಿ, ನಾಲ್ಕು ಗಂಟೆ ಬದಲು ಆರು, ಎಂಟು ಗಂಟೆಗೊಮ್ಮೆ ಬರೀತಾರೆ. ಪರವಾನಗಿ ಇರೋ ಕಡೆ ಮಾತ್ರ ಸಿಗುತ್ತೆ, ಹಬ್ಬದ ರಜೆ ನೋಡ್ಕೊಂಡು ಮುಂಚೆ ತಂದಿಡಿ. ಮಾರ್ಫಿನ್ ಜೊತೆ ಮಲಬದ್ಧತೆ ಬಂದೇ ಬರುತ್ತೆ, ಇಲ್ಲಿ ಮಲಬದ್ಧತೆಯಿಂದಲೇ ಮಂಕು ಹತ್ತುತ್ತೆ. ಅದಕ್ಕೇ ಲ್ಯಾಕ್ಟುಲೋಸ್ 15ರಿಂದ 30 ಎಂ.ಎಲ್., ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಆಗೋ ಹಾಗೆ. ಭೇದಿ ಆಗುವಷ್ಟು ಕೊಟ್ಟರೆ ನೀರು ಕಡಿಮೆಯಾಗಿ ಅದರಿಂದಲೂ ಮಂಕು. ನಿದ್ದೆ ಮಾತ್ರೆ ಕೇಳದೆ ಕೊಡಬೇಡಿ.

ಊಟದಲ್ಲಿ ಬೇಳೆ, ಮೊಟ್ಟೆ ನಿಲ್ಲಿಸಬೇಡಿ. ಪ್ರೋಟೀನ್ ಕೊಟ್ಟರೆ ಲಿವರ್ ಕೆಡುತ್ತೆ ಅನ್ನೋದು ಹಳೇ ಮಾತು. ರಾತ್ರಿ ಮಲಗೋ ಮುಂಚೆ ರಾಗಿ ಗಂಜಿ, ಒಂದು ಬಾಳೆಹಣ್ಣು. ನೀರು ತುಂಬಿದ್ರೆ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ದೂರ ಇಡಿ. ಕೊನೇ ವಾರಗಳಲ್ಲಿ ಮಾತ್ರ ಈ ಪಥ್ಯನೂ ಬಿಟ್ಟುಬಿಡಿ, ನಾಲಿಗೆಗೆ ಏನು ಬೇಕೋ ಕೊಡಿ.

ಹೊಟ್ಟೆ ಬಿಗಿದು ಉಸಿರು ಕಟ್ಟಿದ್ರೆ ನೀರು ತೆಗೆಸಬಹುದು. ಒಂದೇ ಸಲ 5 ಲೀಟರ್ ದಾಟಿದ್ರೆ ತೆಗೆದ ಪ್ರತಿ ಲೀಟರ್‌ಗೆ 6ರಿಂದ 8 ಗ್ರಾಂ ಆಲ್ಬುಮಿನ್ ಹಾಕ್ತಾರೆ. ರಕ್ತ ವಾಂತಿ ಭಯ ಇರೋ ಮನೇಲಿ ಕಡು ಬಣ್ಣದ ಎರಡು ಟವೆಲ್ ಕೈಗೆ ಸಿಗೋ ಹಾಗಿಡಿ, ಎಡಕ್ಕೆ ಮಗ್ಗುಲು ತಿರುಗಿಸಿ ಮಲಗಿಸಿ. ಆ ಹೊತ್ತಿಗೆ ಆಸ್ಪತ್ರೆಗೆ ಹೋಗೋದಾ ಮನೇಲೇ ಇರೋದಾ ಅಂತ ಮುಂಚೆಯೇ ಮಾತಾಡಿ, ಯಾರಿಗೆ ಫೋನ್ ಅಂತ ಗೋಡೆ ಮೇಲೆ ಬರೆದಿಡಿ.

ಮೆಡಿಕಲ್_ಆಂಕಾಲಜಿ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಗಡ್ಡೆಯಿಂದ ಲಿವರ್ ಭಾಗದಲ್ಲೇ ನೋವು, ಮಾರ್ಫಿನ್‌ಗೂ ಬಗ್ಗುತ್ತಿಲ್ಲ ಎಂದರೆ 8 ಗ್ರೇ (ರೇಡಿಯೇಷನ್ ಅಳತೆ) ರೇಡಿಯೇಷನ್ ಒಂದೇ ಸಲ ಕೊಡಬಹುದು. ಕೆನಡಾದ ಅಧ್ಯಯನದಲ್ಲಿ ಒಂದು ತಿಂಗಳಿಗೆ ನೋವು ಇಳಿದವರು ಶೇ 67, ಬರೀ ಔಷಧಿಯವರಲ್ಲಿ ಶೇ 22. ಒಂದೇ ದಿನದ ಕೆಲಸ. ಕೀಮೋ ನಿಂತ ಮೇಲೆ ರೇಡಿಯೇಷನ್ ವಿಭಾಗಕ್ಕೆ ಯಾರೂ ಕಳಿಸುವುದಿಲ್ಲ, ಕೇಳಿ ಪಡೆಯಿರಿ.

ಸಮಾಜಸೇವಾ_ವಿಭಾಗ:
ಮನೆಯಲ್ಲೇ ಇರಿಸಿಕೊಳ್ಳುವವರು ಹತ್ತಿರದ ಒಬ್ಬ ಡಾಕ್ಟರಿಗೆ ಈಗಲೇ ಫೈಲ್ ತೋರಿಸಿಡಿ. ಮನೆಯಲ್ಲಿ ತೀರಿಕೊಂಡರೆ ಸಾವಿನ ಕಾರಣದ ನಮೂನೆ 4ಎ ಅವರು ಬರೆದುಕೊಡಬೇಕು. ರೋಗಿಯನ್ನು ನೋಡದ ಡಾಕ್ಟರ್ ನಡುರಾತ್ರಿ ಬರೆಯುವುದಿಲ್ಲ. ಆಧಾರ್ ಪ್ರತಿಯೂ ಅದೇ ಫೈಲಿನಲ್ಲಿರಲಿ.

ರಾಜಾಜಿನಗರ_ಆರೈಕೆ:
ಎಂಟೆಕವಿರ್ 1 ಎಂ.ಜಿ. ಇವತ್ತಿಂದ ಶುರು ಮಾಡಿದ್ದಾರೆ, ಲೆನ್ವಾಟಿನಿಬ್ ತಡೆದಿದ್ದಾರೆ. ಎರಡು ವಾರ ಬಿಟ್ಟು ರಕ್ತ. ನಾಳೆ ಆಲ್ಬುಮಿನ್ ಬಾಟಲಿ ಹಾಕಿಸಲಾ ಅಂತ ಕೇಳ್ತಿದ್ದಾರೆ.

ಗ್ಯಾಸ್ಟ್ರೋ_ರೆಸಿಡೆಂಟ್:
ಯಾವ ಕಾರಣಕ್ಕೆ ಅಂತ ಕೇಳಿ. ಅಂಕ ಚೆನ್ನಾಗಿ ಕಾಣಲಿ ಅಂತಾದ್ರೆ ಬೇಡ. ಹಾಕಿಸಿದ್ರೆ ದಿನಾಂಕ ಬರೆದಿಡಿ; ಬಾಟಲಿ ಆದ ಮೇಲಿನ ಕೆಲವು ದಿನಗಳ ಆಲ್ಬುಮಿನ್ ರಿಪೋರ್ಟ್ ಲಿವರ್‌ನದ್ದಲ್ಲ, ಬಾಟಲಿಯದ್ದು. ಪ್ಲಾಸ್ಮಾ ಅಥವಾ ವಿಟಮಿನ್ ಕೆ ಕೊಟ್ಟರೆ ಐಎನ್‌ಆರ್‌ಗೂ ಇದೇ ಮಾತು. ಎರಡು ವಾರದ ರಕ್ತ ಅದೇ ಲ್ಯಾಬಿನಲ್ಲಿ ಮಾಡಿಸಿ.